ಕೆಂಪು ಛತ್ರಿಯ ನರಿಮುಖಿ

ಸೆಪ್ಟೆಂಬರ್ 9, ಮಂಗಳವಾರ

ಹಸಿರು ಸೀರೆಯ ಕುಚ್ಚು ಮುಗಿಯಿತು. ಕನಕಾಂಬರ ಬಣ್ಣದ್ದು ಬಾಕಿ. ದಾರ ಎಳೆದೆಳೆದು ಬೆರಳು ಉರಿಯುತ್ತಿದೆ. ಅಪ್ಪ ಇನ್ನೂ ಅಂಗಡಿಯಿಂದ ಬಂದಿಲ್ಲ. ಅಜ್ಜಿ ಹುರುಳಿ ಬೇಯಿಸುತ್ತಿದ್ದಾಳೆ, ವಾಸನೆ ಇಲ್ಲಿವರೆಗೆ.

ಸಂಜೆ ಒಂದು ಕೆಲಸ ಮಾಡಿದೆ. ಮಾಡಬಾರದಿತ್ತೇನೋ.

ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ನರಿಮುಖಿಯನ್ನು ಅಲ್ಲಿ ನಿಲ್ಲಿಸಿದೆ. ಗೇಣುದ್ದದ ಗೊಂಬೆ. ಹುಡುಗಿಯ ಮೈ, ಮುಖಕ್ಕೆ ನರಿಯ ಮುಖವಾಡ, ಕೈಯಲ್ಲಿ ಕೆಂಪು ಛತ್ರಿ. ಬಿಸಿಲು ಛತ್ರಿಯೊಳಗಿಂದ ಹಾದು ಅವಳ ಭುಜದ ಮೇಲೆ ಕೆಂಪಗೆ ಬಿದ್ದಿತ್ತು. ಅದನ್ನು ನಾನೊಬ್ಬಳೇ ನೋಡಿ ಸುಮ್ಮನಿರಲು ಆಗಲಿಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕಿಬಿಟ್ಟೆ.

'ಹಾಸನ ಫಿಗರ್ಸ್' ಗ್ರೂಪು. ಕಂಪನಿಯವರು ಮುದ್ರೆ ಒತ್ತಿ ಮಾರುವ ದುಬಾರಿ ಗೊಂಬೆಗಳನ್ನು ಕೂಡಿಡುವವರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ನಮ್ಮ ಚನ್ನರಾಯಪಟ್ಟಣ — ಎಲ್ಲ ಕಡೆಯವರೂ ಇದ್ದಾರೆ. ನನ್ನನ್ನು ಸೇರಿಸಿದ್ದು ಗೌತಮಿ ಮೇಡಂ. ಅರಕಲಗೂಡಿನವರು, ಹೊಳೆನರಸೀಪುರದಲ್ಲಿ ಟೀಚರು. ಹೋದ ವರ್ಷ ಸೀರೆ ಕೊಡಲು ಬಂದವರು ನನ್ನ ಮೊಬೈಲ್ ಮೇಲಿನ ಗೊಂಬೆ ಚಿತ್ರ ನೋಡಿ "ನಿಮಗೂ ಈ ಹುಚ್ಚಾ?" ಅಂದರು. ತಲೆ ಆಡಿಸಿದೆ. ಅಲ್ಲಿಂದ ಇವತ್ತಿನವರೆಗೆ ಗ್ರೂಪಿನಲ್ಲಿ ಒಂದಕ್ಷರ ಬರೆದವಳಲ್ಲ.

ಅಡ್ಮಿನ್ ಪ್ರದ್ಯುಮ್ನ ತಕ್ಷಣ ಕೇಳಿದರು — "ಇದು ಕಂಪನಿದು, ಫಸ್ಟ್ ಬ್ಯಾಚ್ ಅಲ್ವಾ?"

ಏನು ಬರೆಯಬೇಕೋ ತಿಳಿಯಲಿಲ್ಲ. ಕೈ ಮುಗಿದ ಚಿತ್ರ ಒತ್ತಿದೆ. ನಾನು ಯಾರಿಗೆ ಏನು ಉತ್ತರ ಕೊಡಬೇಕಾದರೂ ಅದೇ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಅವರು ಹೌದು ಅಂತ ತಿಳಿದರು. ಎಲ್ಲರೂ ತಿಳಿದರು.

ಸೆಪ್ಟೆಂಬರ್ 10, ಬುಧವಾರ

ಮೊಬೈಲ್ ಬಡಿದುಕೊಳ್ಳುತ್ತಲೇ ಇದೆ. ತಿರುಗಿಸಿ ಇಟ್ಟಿದ್ದೇನೆ.

ಗೌತಮಿ ಮೇಡಂ ಬರೆದಿದ್ದಾರೆ — "ರಂಜಿತಾ!! ಇದು ನಿಮ್ಮ ಹತ್ರ ಇತ್ತಾ! ನಾನು ಆರು ವರ್ಷದಿಂದ ಹುಡುಕ್ತಿದ್ದೀನಿ!"

ಇನ್ಯಾರೋ ಬೆಲೆ ಹಾಕಿದ್ದಾರೆ. ಕೆಂಪು ಛತ್ರಿಯದು ಕಂಪನಿ ಒಂದೇ ಸಲ ಮಾಡಿದ್ದಂತೆ. ಆಮೇಲೆ ಬಂದಿದ್ದೆಲ್ಲ ನೀಲಿ ಛತ್ರಿ. ಈಗ ಕೆಂಪಿಗೆ ನಲವತ್ತು ಸಾವಿರ ಅಂತೆ.

ನಾನು ಕೊಂಡಿದ್ದು ಸಂತೆಯಲ್ಲಿ. ಬಕೆಟ್ಟು, ಜರಡಿ ಮಾರುವವನ ಗೋಣಿತಟ್ಟಿನ ಮೇಲೆ ಬಿದ್ದಿತ್ತು. ನೂರಿಪ್ಪತ್ತು ಅಂದ. ಅಜ್ಜಿ ನೂರಕ್ಕೆ ಇಳಿಸಿ, ಮೇಲೊಂದು ಟೀ ಸೋಸುವ ಜಾಲರಿ ಹಾಕಿಸಿಕೊಂಡಳು.

ಒಂದು ವಿಚಿತ್ರ. ಬೆಲೆ ಓದಿದ ಮೇಲೆ ಗೊಂಬೆ ಮುಟ್ಟುವ ಮುಂಚೆ ಕೈ ತೊಳೆದುಕೊಂಡೆ. ಸುಳ್ಳು ಅಂತ ನನಗೆ ಗೊತ್ತು. ಆದರೂ ತೊಳೆದುಕೊಂಡೆ.

ಸೆಪ್ಟೆಂಬರ್ 12, ಶುಕ್ರವಾರ

ಫೋಟೋ ಅಳಿಸಲು ಹೋದೆ. ಎಲ್ಲರಿಗೂ ಅಳಿಸಬಹುದಾದ ಹೊತ್ತು ಮೀರಿದೆ. ನನ್ನ ಮೊಬೈಲಿನಲ್ಲಿ ಮಾತ್ರ ಹೋಗುತ್ತದಂತೆ. ಅವರ ಮೊಬೈಲಿನಲ್ಲಿ ಇದ್ದೇ ಇರುತ್ತದೆ.

ನಿಜ ಬರೆದುಬಿಡಬಹುದು. "ಇದು ಡೂಪ್ಲಿಕೇಟು. ಸಂತೇದು." ಅಷ್ಟೇ ತಾನೇ.

ಆದರೆ ಹೋದ ತಿಂಗಳು ಕಾಂತರಾಜುಗೆ ಮಾಡಿದ್ದು ಕಣ್ಣಮುಂದೆ ಇದೆ. ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವರದು. ಮಗಳು ಗೊಂಬೆ ಹಿಡಿದಿದ್ದ ಫೋಟೋ ಹಾಕಿದ್ದರು. ಅದು ಡೂಪ್ಲಿಕೇಟು ಅಂತ ಪ್ರದ್ಯುಮ್ನ ಕಂಡುಹಿಡಿದರು. ಕಾಂತರಾಜು ಹೆದರಲಿಲ್ಲ. "ಕಂಪನಿದು ಎಂಟು ಸಾವ್ರ ಕೊಟ್ ತಂದು ಪೆಟ್ಗೇಲಿ ಮಡಗಿ ಪೂಜೆ ಮಾಡ್ಲಾ ಸಾ? ನಮ್ ಮಕ್ಳು ಆಡ್ತವೆ, ಕೈ ಮುರೀತವೆ, ಅಳ್ತವೆ. ಇನ್ನೂರಕ್ಕೆ ಅಷ್ಟೂ ಆಯ್ತದೆ" ಅಂತ ದನಿ ರೆಕಾರ್ಡು ಮಾಡಿ ಕಳಿಸಿದರು. ಅವರನ್ನು ತೆಗೆದುಹಾಕಿದರು. ತೆಗೆದ ಮೇಲೂ ಬಿಡಲಿಲ್ಲ. ಫೋಟೋಗೆ ಕೆಂಪು ಗೀಟು ಎಳೆದು, 'ಕಳ್ಳಮಾಲು' ಅಂತ ಬರೆದು ಬೇರೆ ಊರಿನ ಗ್ರೂಪುಗಳಿಗೂ ಕಳಿಸಿದರು. ಅದರಲ್ಲಿ ಮಗುವಿನ ಮುಖವೂ ಇತ್ತು.

ನನ್ನದನ್ನೂ ಹಾಗೆ ಮಾಡುತ್ತಾರೆ. ರಂಜಿತಾ, ಚನ್ನರಾಯಪಟ್ಟಣ.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದು ಓದು ಬರದೆ ಅಲ್ಲ. ಎದ್ದು ನಿಂತು ಹೇಳು ಅಂದರೆ ದನಿ ಹೊರಡುತ್ತಿರಲಿಲ್ಲ. ಎಲ್ಲರೂ ತಿರುಗಿ ನೋಡುವರು. ಆ ತಿರುಗಿ ನೋಡುವುದು ಈಗ ಮೊಬೈಲಿನೊಳಗೆ ಕೂತಿದೆ.

ಸೆಪ್ಟೆಂಬರ್ 15, ಸೋಮವಾರ

ಪ್ರದ್ಯುಮ್ನ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ನೀರು ಕುಡಿದು ಬರುವಷ್ಟರಲ್ಲಿ ಅಪ್ಪ ಎತ್ತಿದ್ದ.

"ಯಾರು ಸಾ? ಹಾಸನದಿಂದ್ಲಾ? ಗೊಂಬೆ ನೋಡಕ್ಕಾ? ಬನ್ನಿ ಸಾ ಅದಕ್ಕೇನಂತೆ. ದಸ್ರುಕ್ಕೆ ಗೊಂಬೆ ಕೂರಿಸ್ತೀವಿ, ಅವಾಗ್ಲೇ ಬನ್ನಿ, ಊಟಾನೂ ಆಯ್ತದೆ."

ಫೋನು ಇಟ್ಟು ನನ್ನ ಕಡೆ ನೋಡಿ ನಕ್ಕ. "ನೋಡ್ದಾ ಮಗ, ನಿನ್ನ ಹುಡುಕ್ಕೊಂಡು ಹಾಸನದಿಂದ ಬತ್ತಾರೆ."

ಅಪ್ಪನ ಮುಖ ಅಷ್ಟು ಅರಳಿದ್ದು ನೋಡಿ ಎಷ್ಟೋ ದಿನವಾಗಿತ್ತು. ಹೇಳಲಾಗಲಿಲ್ಲ.

ಕಾಲಡಿ ನೋಡುತ್ತಾರೆ. ಗ್ರೂಪಿನಲ್ಲಿ ಎಲ್ಲರೂ ಹೇಳುವುದು ಅದೇ — ಕಂಪನಿ ಗೊಂಬೆಯ ಕಾಲಡಿಯಲ್ಲಿ ಉಬ್ಬು ಮುದ್ರೆ ಇರುತ್ತದೆ, ಪಕ್ಕದಲ್ಲಿ ನಂಬರು. ನನ್ನದರ ಕಾಲಡಿ ನುಣ್ಣಗಿದೆ. ಬೆರಳಲ್ಲಿ ಸವರಿ ಸವರಿ ನೋಡಿದೆ. ಏನಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಅಮಾವಾಸ್ಯೆ. ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದೆವು. ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ ಏಳು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ರಾಜ ರಾಣಿ. ಅಜ್ಜಿ ಮದುವೆಯಾಗಿ ಬಂದಾಗ ತವರಿನವರು ಕೊಟ್ಟಿದ್ದು. ರಾಣಿಯ ಮೂಗು ಸವೆದಿದೆ.

ಅಜ್ಜಿ ಪ್ರತಿ ವರ್ಷ ಹೇಳುವುದನ್ನೇ ಹೇಳಿದಳು. "ಒಂದ್ಸಲ ಕೂರಿಸಿದ್ಮೇಲೆ ವಿಜಯದಶ್ಮಿಗಂಟ ಯಾವ್ದನ್ನೂ ಕದಲಿಸಂಗಿಲ್ಲ. ಅವತ್ತು ಸಂಜೆ ಆರ್ತಿ ಆಗಿ, ರಾಜ ರಾಣಿ ಮಲಗಿದ ಮ್ಯಾಲೇ ಮಿಕ್ಕಿದ್ದು. ಯಾರು ಕೂರಿಸಿದ್ರೋ ಅವ್ರೇ ಮಲಗಿಸ್ಬೇಕು."

ಕೇಳಿಕೊಂಡು ಶೆಟ್ಟಿ ಗೊಂಬೆ ಒರೆಸುತ್ತಿದ್ದೆ. ಆಗ ಹೊಳೆಯಿತು. ಕೂರಿಸಿಬಿಟ್ಟರೆ ಯಾರೂ ಎತ್ತುವಂತಿಲ್ಲ. ಎತ್ತದೆ ಕಾಲಡಿ ಕಾಣುವುದಿಲ್ಲ.

ನರಿಮುಖಿಯನ್ನು ತಂದೆ.

"ಇದೇನವ್ವ ಇದು, ನರಿ ಮೊಖದ್ದು! ದೇವಿ ಪಕ್ದಾಗ್ ಮಡಗಬ್ಯಾಡ ಕಣೆ, ಸಿಂಹಕ್ಕೆ ಸಿಟ್ ಬಂದಾತು. ಕೆಳುಗ್ ಮಡಗು, ಶೆಟ್ರು ಅಂಗ್ಡಿ ತವ. ಮಳೆ ಬಂದ್ರೆ ಶೆಟ್ರಿಗೂ ಛತ್ರಿ ಆಯ್ತದೆ."

ಕೆಳಗಿನ ಮೆಟ್ಟಿಲಲ್ಲಿ ಇಟ್ಟೆ. ಅಕ್ಕಿ, ಬೇಳೆ, ತಕ್ಕಡಿ ಇಟ್ಟುಕೊಂಡು ಕೂತ ಶೆಟ್ಟಿ ದಂಪತಿಯ ಪಕ್ಕ. ಹತ್ತು ದಿನ ಉಸಿರಾಡಬಹುದು ಅನ್ನಿಸಿತು.

ಸೆಪ್ಟೆಂಬರ್ 24, ಬುಧವಾರ

ಬಂದು ಹೋದರು. ಅಕ್ಷರ ಸೊಟ್ಟಗೆ ಹೋಗುತ್ತಿದೆ.

ಪ್ರದ್ಯುಮ್ನ ಮೂವತ್ತರ ಆಸುಪಾಸು. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಚಪ್ಪಲಿ ನೇರ ಜೋಡಿಸಿ ಒಳಗೆ ಬಂದರು. ಅಜ್ಜಿಗೆ ನಮಸ್ಕಾರ ಮಾಡಿದರು. ಮೆಟ್ಟಿಲ ಮುಂದೆ ಕೂತು ನರಿಮುಖಿಯತ್ತ ಕೈ ಚಾಚಿದರು.

"ಅಯ್, ಮುಟ್ಬ್ಯಾಡಿ ಸಾ!" ಅಜ್ಜಿ ಅಡುಗೆಮನೆಯಿಂದಲೇ ಕೂಗಿದಳು. "ನಮ್ಮನೇಲಿ ಕೂರಿಸಿದ್ದು ಎತ್ತಂಗಿಲ್ಲ."

"ನಮ್ಮನೇಲೂ ಹಾಗೇ ಅಜ್ಜಿ. ಮರೆತೆ" ಅಂದರು. ಕೈ ಹಿಂದಕ್ಕೆ ತೆಗೆದರು. ನನಗೆ ಬದುಕಿದೆ ಅನ್ನಿಸಿತು. ಆದರೆ ಅವರು ಏಳಲಿಲ್ಲ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಛತ್ರಿಯ ಒಳಗನ್ನು ನೋಡಿದರು. ಬಹಳ ಹೊತ್ತು. ಆಮೇಲೆ ನಕ್ಕರು. ಸದ್ದಿಲ್ಲದ ನಗು.

ಅಪ್ಪನ ಹತ್ತಿರ ಮಾತಾಡಿದರು. ಗೊಂಬೆಗೆ ಇಪ್ಪತ್ತು ಸಾವಿರ. ಈಗಲೇ ಐದು ಸಾವಿರ ಮುಂಗಡ, ಮಿಕ್ಕಿದ್ದು ಗೊಂಬೆ ಇಳಿದ ಮೇಲೆ. ಅಪ್ಪ ನನ್ನ ಮುಖ ನೋಡಿದ. "ಏನ್ ಮಗ, ಕೊಡನಾ?" ನಾನು ನೆಲ ನೋಡಿದೆ. "ಮೌನ ಅಂದ್ರೆ ಒಪ್ಪಿದ ಹಂಗೆ ಬುಡಿ ಸಾ, ನಮ್ ಹುಡ್ಗಿ ಮಾತೇ ಆಡಲ್ಲ" ಅಂತ ತಾನೇ ನಕ್ಕ. ಹಣ ತೆಗೆದುಕೊಂಡ. ಹಾಲು ತರಲು ಹೊರಗೆ ಹೋದ.

ಅಜ್ಜಿ ಒಳಗೆ. ನಡುಮನೆಯಲ್ಲಿ ನಾವಿಬ್ಬರೇ.

"ಛತ್ರಿ ಒಳಗಿನ ಕಡ್ಡಿ ಕಂಪನೀದರಲ್ಲಿ ಎಂಟಿರುತ್ತೆ. ಇದರಲ್ಲಿ ಆರು" ಅಂದರು. ಹವಾಮಾನದ ಮಾತಾಡುವ ಹಾಗೆ. "ಈ ಮಾಲು ನಿಮ್ಮೂರ ಸಂತೆಗೆ ಬಂದಿತ್ತು ಅಂತ ನನಗೆ ಗೊತ್ತು. ಎಷ್ಟು ಕೊಟ್ರಿ? ನೂರೈವತ್ತಾ?"

ಬಾಗಿಲ ಕಡೆ ನೋಡಿದೆ, ಅಪ್ಪ ಇನ್ನೂ ಬಂದಿರಲಿಲ್ಲ.

"ಹೆದರಬೇಡಿ. ನಾನು ಯಾರಿಗೂ ಹೇಳಲ್ಲ. ಗೌತಮಿಯವರು ಇದಕ್ಕೆ ನಲವತ್ತೆರಡು ಸಾವಿರ ಕೊಡ್ತಾರೆ. ಈ ಜಿಲ್ಲೇಲಿ ನನ್ನ ಬಿಟ್ರೆ ಕಂಪನಿಯ ಕೆಂಪು ಛತ್ರೀದನ್ನ ಕೈಯಲ್ಲಿ ಹಿಡಿದವರೇ ಇಲ್ಲ. ಅವರು ನೋಡೋದು ಕಾಲಡಿ ಒಂದೇ. ಗೊಂಬೆ ಇಳಿದ ಮಾರನೇ ದಿನ, ಮೂರನೇ ತಾರೀಕು, ಅದನ್ನ ತಗೊಳ್ಳೋಕೆ ಇಲ್ಲಿಗೇ ಬರ್ತಾರೆ. ಅವತ್ತು ಬೆಳಿಗ್ಗೆ ಅವರಿಗಿಂತ ಮೊದಲು ನಾನು ಬರ್ತೀನಿ. ಮುದ್ರೆ ಒತ್ತೋದು ಐದು ನಿಮಿಷದ ಕೆಲಸ. ನೀವು ಏನೂ ಮಾಡಬೇಕಾಗಿಲ್ಲ. ಈಗ ಹೇಗಿದ್ದೀರೋ ಹಾಗೇ ಇದ್ರೆ ಸಾಕು. ಸುಮ್ನೆ."

ಎದ್ದು ನಿಂತು ಅಂಗಿ ಸರಿಮಾಡಿಕೊಂಡರು.

"ಅಕಸ್ಮಾತ್ ಮಾತಾಡಬೇಕು ಅನ್ನಿಸಿದ್ರೆ — ಕಂಪನೀದಾ ಅಂತ ಕೇಳಿದಾಗ ನೀವು ಕೈ ಮುಗಿದಿರೋದು ನನ್ನ ಹತ್ರ ಇದೆ. ನಿಮ್ಮ ತಂದೆ ದುಡ್ಡು ಎಣಿಸ್ತಿರೋ ಫೋಟೋನೂ ಇದೆ. ಪಾಪ, ಒಳ್ಳೆಯವರು."

ಅಪ್ಪ ಹಾಲು ತಂದ. ಅವರು ಕಾಫಿ ಕುಡಿದು, ಚೆನ್ನಾಗಿದೆ ಅಂತ ಇನ್ನರ್ಧ ಲೋಟ ಹಾಕಿಸಿಕೊಂಡರು.

ಸೆಪ್ಟೆಂಬರ್ 25, ಗುರುವಾರ

ಊಟ ಸೇರುತ್ತಿಲ್ಲ. ಅಜ್ಜಿ ದೃಷ್ಟಿ ತೆಗೆದಳು. "ಹಾಸನದೋನ ಕಣ್ಣೇ ಸರಿ ಇಲ್ಲ ಕಣವ್ವ. ಗೊಂಬೆ ನೋಡಿದ್ನಾ, ನಿನ್ನೇ ನೋಡಿದ್ನಾ?"

ಅಜ್ಜಿಗೆ ಅರ್ಧ ಸರಿಯಾಗಿ ಗೊತ್ತಾಗುತ್ತದೆ. ಯಾವಾಗಲೂ ಅರ್ಧ.

ಸೆಪ್ಟೆಂಬರ್ 28, ಭಾನುವಾರ

ಬರೆಯಲು ಕೂತರೂ ಬರುತ್ತಿರಲಿಲ್ಲ. ಇವತ್ತು ಬರೆಯಲೇಬೇಕು.

ಗೌತಮಿ ಮೇಡಂ ಫೋನು ಮಾಡಿದರು. ಎತ್ತಿದೆ. ಅವರ ಫೋನು ಮಾತ್ರ ಎತ್ತುತ್ತೇನೆ. ನಾನು ಮಾತಾಡದಿದ್ದರೂ ಅವರಿಗೆ ಬೇಜಾರಿಲ್ಲ.

"ರಂಜಿತಾ, ನಿಮಗೆ ಬೇಜಾರಿಲ್ಲ ತಾನೆ? ಅಷ್ಟು ಇಷ್ಟಪಟ್ಟು ಇಟ್ಕೊಂಡಿದ್ದನ್ನ ಕೊಡ್ತಿದ್ದೀರಾ."

"ಹೂಂ… ಇಲ್ಲ."

"ನಾನು ಹುಚ್ಚಿ ಅಂತ ನಮ್ಮಮ್ಮ ಬೈತಿದ್ದಾರೆ. ಇದರ ದುಡ್ಡು ಹೊಂದಿಸೋಕೆ ನಿನ್ನೆ ನನ್ನ ಹನ್ನೊಂದು ಗೊಂಬೆ ಮಾರಿಬಿಟ್ಟೆ. ನೀಲಿ ಛತ್ರಿದೂ ಹೋಯ್ತು. ಕಪಾಟಲ್ಲಿ ಈಗ ಧೂಳಿನ ಗುರುತು ಮಾತ್ರ ಇದೆ, ಒಂದೊಂದರ ಪಾದದ ಆಕಾರದಲ್ಲಿ."

ಆಮೇಲೆ ತಾವೇ ಹೇಳಿದರು. "ಇಷ್ಟೊಂದು ಕೊಡಬೇಕಾ ಅಂತ ನನಗೂ ಅನ್ಸುತ್ತೆ. ಆದರೆ ಕಾಲಡಿ ಮುದ್ರೆ ಇದೆಯಲ್ಲ, ಅದು ಮಾಡಿದವರ ಹೆಸರು ಇದ್ದ ಹಾಗೆ. ಯಾರೋ ಒಬ್ಬರು ಕೂತು ಆ ಮುಖವಾಡ ಮೊದಲು ಯೋಚನೆ ಮಾಡಿದ್ರು. ನಮ್ಮ ಸ್ಕೂಲಲ್ಲಿ ಮಕ್ಕಳು ಚಿತ್ರ ಬರೆದರೆ ಕೆಳಗೆ ಹೆಸರು ಬರೆಸ್ತೀನಿ. ಬೇರೆಯವರು ಹೆಸರು ಅಳಿಸಿ ತಂದು ತೋರಿಸಿದ್ರೆ ನಾನು ನೋಡೋದೇ ಇಲ್ಲ. ಎಷ್ಟೇ ಚೆನ್ನಾಗಿರಲಿ."

ನನ್ನ ಗೊಂಬೆಗಳೆಲ್ಲ ಹೆಸರು ಅಳಿಸಿದವು. ಅದು ನನಗೆ ಹೊಳೆದೇ ಇರಲಿಲ್ಲ. ನೂರು ರೂಪಾಯಿಗೆ ಸಿಕ್ಕಿತು, ಚೆನ್ನಾಗಿದೆ, ತಂದೆ. ಕಾಂತರಾಜು ಹೇಳಿದ್ದೂ ಸರಿ ಅನ್ನಿಸುತ್ತದೆ, ಮೇಡಂ ಹೇಳಿದ್ದೂ ಸರಿ ಅನ್ನಿಸುತ್ತದೆ. ನಲವತ್ತು ಸಾವಿರ ಇಲ್ಲದವರು ನೋಡಿ ಸಂತೋಷಪಡಬಾರದೇ? ಪಡಬಹುದು. ಆದರೆ ಇಲ್ಲದ ಹೆಸರನ್ನು ಈಗ ಒತ್ತಲು ಹೊರಟಿದ್ದಾರೆ. ಅದು ಬೇರೆ.

"ಮೇಡಂ…" ಅಂದೆ.

"ಹೇಳಿ."

ಗಂಟಲಲ್ಲಿ ಐದನೇ ಕ್ಲಾಸು ಬಂದು ನಿಂತಿತು. "ಏನಿಲ್ಲ" ಅಂದೆ.

ಸೆಪ್ಟೆಂಬರ್ 29, ಸೋಮವಾರ

ಅಪ್ಪನಿಗಾದರೂ ಹೇಳೋಣ ಅಂತ ಅಂಗಡಿಗೆ ಹೋದೆ. ವಿಭೂತಿ, ಕರ್ಪೂರ, ಊದುಬತ್ತಿ ಅಂಗಡಿ. ಹಬ್ಬಕ್ಕೆ ಜನ ತುಂಬಿದ್ದರು. ಅಂಗಡಿಯ ಮೇಲೆ ಹೊಸ ಬೋರ್ಡು. ಹಳದಿ ಮೇಲೆ ಕೆಂಪಕ್ಷರ. ಮುಂಗಡದ ಹಣ ಅಲ್ಲಿದೆ.

ಪಕ್ಕದ ಹೋಟೆಲಿನ ಪುಟ್ಟಸ್ವಾಮಿ ನನ್ನ ನೋಡಿ ಅಪ್ಪನಿಗೆ ಕೂಗಿದ. "ಏನ್ ಪಾಲಾಕ್ಷಣ್ಣ, ಇಪ್ಪತ್ ಸಾವ್ರುದ ಗೊಂಬೆ ಅಂತೆ! ನಮ್ ಮನೇಲೂ ಒಂದ್ ಹರಕಲು ಗೊಂಬೆ ಅದೆ, ಮಾರ್ಸಿಕೊಡಪ್ಪ!"

"ನಿನ್ ತವ ಇರದು ಗೊಂಬೆ ಕಣ್ಲಾ. ನಮ್ ಹುಡ್ಗಿ ತವ ಇರದು ಕಂಪ್ನಿ ಮಾಲು. ಅವ್ಳ್ ಕಣ್ಣು ಅಂಗದೆ. ಬಾಯಿಲ್ದೆ ಇದ್ರೂ ಕಣ್ಣೈತೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನ್ನ ಬಗ್ಗೆ ಅಪ್ಪ ಹೀಗೆ ಊರಿಗೆಲ್ಲ ಹೇಳಿಕೊಂಡಿದ್ದು ಇದೇ ಮೊದಲು.

ನಿಜ ಹೇಳಿದರೆ ಬೈಯುವುದಿಲ್ಲ ಅಪ್ಪ. ಸುಮ್ಮನಾಗುತ್ತಾನೆ. ಸ್ಟೂಲ್ ಮೇಲೆ ಕೂತು ಊದುಬತ್ತಿ ಕಟ್ಟು ಸುಮ್ಮಸುಮ್ಮನೆ ಜೋಡಿಸುತ್ತಾನೆ. ನನಗೆ ಬೈಗುಳಕ್ಕಿಂತ ಅದರ ಭಯ.

ಕರ್ಪೂರ ಒಂದು ಪೊಟ್ಟಣ ತೆಗೆದುಕೊಂಡು ಬಂದೆ.

ಸೆಪ್ಟೆಂಬರ್ 30, ಮಂಗಳವಾರ, ಮಧ್ಯಾಹ್ನ

ಪ್ರದ್ಯುಮ್ನರಿಂದ ಮೊಬೈಲಿಗೆ ಒಂದು ಫೋಟೋ ಬಂತು. ನಮ್ಮ ಮನೆ ಬಾಗಿಲು. ಬೆಳಿಗ್ಗೆ ನಾನೇ ಹಾಕಿದ ರಂಗೋಲಿ. ತೆಗೆದಿದ್ದು ರಸ್ತೆಯ ಆಚೆಯಿಂದ.

ಕೆಳಗೆ — "ಹಿರೀಸಾವೆಗೆ ಕೆಲಸ ಇತ್ತು. ಹಾಗೇ ಈ ಬೀದಿಯಲ್ಲಿ ಬಂದೆ. ಎಲ್ಲಾ ಚೆನ್ನಾಗಿದೆ ತಾನೆ?"

ಬಾಗಿಲು ಹಾಕಿದೆ. ಅಗುಳಿ ಹಾಕಿದೆ. ಅಜ್ಜಿ "ಹಬ್ಬದ ಹಗಲೊತ್ನಲ್ಲಿ ಬಾಗ್ಲಾಕ್ತಾರೇನೇ?" ಅಂತ ತೆಗೆದಳು. ನಾನು ಮತ್ತೆ ಹಾಕಿದೆ. ಅವಳು ಮತ್ತೆ ತೆಗೆದಳು.

ಬೈಕಿನ ಸದ್ದು ಕೇಳಿದಾಗಲೆಲ್ಲ ಸೂಜಿ ನಿಲ್ಲುತ್ತದೆ.

ಮೇಡಂಗೆ ಬರೆದೆ, "ಅದು ಕಂಪನೀದಲ್ಲ". ಅಳಿಸಿದೆ. ಬರೆದರೆ ಮೇಡಂ ಮೊದಲು ಕೇಳುವುದು ಪ್ರದ್ಯುಮ್ನರನ್ನೇ. ಅವರು ನಗುತ್ತಾರೆ. ಆ ಹುಡುಗಿಗೆ ಕೊಡಲು ಮನಸ್ಸಿಲ್ಲ, ಅದಕ್ಕೆ ಹಾಗಂತಾಳೆ ಅನ್ನುತ್ತಾರೆ. ಹತ್ತು ವರ್ಷದಿಂದ ಎಲ್ಲರ ಗೊಂಬೆ ನೋಡಿ ಇದು ಸರಿ, ಇದು ಸುಳ್ಳು ಅಂತ ಹೇಳುತ್ತಿರುವವರು ಅವರು. ಅವರ ಮಾತಿಗೆ ಎದುರು ನನ್ನದು ಯಾವ ಮಾತು. ಮೂರನೇ ತಾರೀಕು ಮುದ್ರೆಯೂ ಇರುತ್ತದೆ ಕಾಲಡಿಯಲ್ಲಿ. ಆಮೇಲೆ ನಾನು ಕೂಗಿದರೂ ಅಷ್ಟೇ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ನನ್ನ ಕತ್ತರಿ, ಸೂಜಿ ಡಬ್ಬಕ್ಕೂ ಅಜ್ಜಿ ಕುಂಕುಮ ಇಟ್ಟಳು. ಅಪ್ಪ ಹೊಸ ಬೋರ್ಡಿಗೆ ಕುಂಬಳಕಾಯಿ ಒಡೆದ.

ಕಾಂತರಾಜು ಸ್ಟೇಟಸ್ ನೋಡಿದೆ. ಮಗಳು ಅದೇ ಡೂಪ್ಲಿಕೇಟು ಗೊಂಬೆಗೆ ಹಾರ ಹಾಕಿ, ಅಪ್ಪನ ಸ್ಕ್ರೂಡ್ರೈವರ್ ಪಕ್ಕ ಕೂರಿಸಿದ್ದಾಳೆ. ಗೊಂಬೆಯ ಒಂದು ಕೈ ಮುರಿದಿದೆ, ಗಾಯದ ಪಟ್ಟಿ ಸುತ್ತಿದೆ. ಬಹಳ ಹೊತ್ತು ನೋಡಿದೆ. ಕೈ ಮುಗಿದ ಚಿತ್ರ ಕಳಿಸಿದೆ. ನನಗೆ ಬರುವುದು ಅದೊಂದೇ.

ಅವರು ದನಿ ಕಳಿಸಿದರು. ಹಿಂದೆ ಮಕ್ಕಳ ಗಲಾಟೆ.

"ಯಾರವ್ವಾ? ಓ, ಪಟ್ಣದ ಕೆಂಪು ಛತ್ರಿ ತಾಯೀನಾ! ನಿಮ್ದು ಅಸ್ಲೀ ಅಂತೆ, ಗ್ರೂಪ್ನೋರು ಯಾರೋ ಹೇಳುದ್ರು, ಒಳ್ಳೇದಾಗ್ಲಿ. ನನ್ನ ತಗ್ದಾಕ್ದಾಗ ನಿಜ ಹೇಳ್ಬೇಕು ಅಂದ್ರೆ ಎರಡ್ ದಿನ ಮುದ್ದೆ ಗಂಟ್ಲಲ್ ಇಳೀಲಿಲ್ಲ. ಅಂಗ್ಡಿ ಬಾಗ್ಲೂ ತಗೀಲಿಲ್ಲ. ಮೂರನೇ ದಿನ ಹಸಿವಾಯ್ತು, ಇಳೀತು. ಅಷ್ಟೇಯಾ. ಅವ್ರೇನ್ ನಮ್ ಮನೇಗ್ ಅಕ್ಕಿ ಹಾಕ್ತಾರಾ?"

ಮೂರು ಸಲ ಕೇಳಿದೆ. ಎರಡು ದಿನ. ಮೂರನೇ ದಿನ ಇಳಿಯಿತು.

ಸಂಜೆ ಅಜ್ಜಿ ಕೇಳಿದಳು. "ನಾಳೆ ಅರಿಶ್ನ ಕುಂಕುಮುಕ್ಕೆ ಯಾರ್ಯಾರ್ನ ಕರೆದಿದ್ದೀಯೇ? ಆ ಟೀಚರಮ್ಮನ್ನ ಕರೀಲಿಲ್ವಾ? ಅವ್ರಿಗೇ ತಾನೆ ಗೊಂಬೆ ಹೋಗದು. ಮಲಗೋ ಮುಂಚೆ ಒಂದ್ಸಲ ಅದ್ರ ದರ್ಬಾರ್ ನೋಡ್ಲಿ."

ನಾಳೆ. ಮೂರನೇ ತಾರೀಕಲ್ಲ. ನಾಳೆ ಸಂಜೆ ಗೊಂಬೆಗಳು ಮೆಟ್ಟಿಲ ಮೇಲೇ ಇರುತ್ತವೆ. ಯಾರೂ ಎತ್ತಿರುವುದಿಲ್ಲ. ಕೂರಿಸಿದವಳು ನಾನು, ಮಲಗಿಸುವವಳೂ ನಾನು. ನಾನೊಬ್ಬಳೇ.

ಮಲಗಿಸಿದರೆ ಕಾಲು ಯಾವ ಕಡೆಗಾದರೂ ಇರಲೇಬೇಕು.

ಬರೆದೆ — "ಮೇಡಂ, ನಾಳೆ ಸಂಜೆ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬನ್ನಿ." ಕಣ್ಣು ಮುಚ್ಚಿ ಒತ್ತಿದೆ.

ತಕ್ಷಣ ಉತ್ತರ. "ಖಂಡಿತಾ! ಖುಷಿಯಾಯ್ತು! ಪ್ರದ್ಯುಮ್ನ ಅವರಿಗೂ ಹೇಳಿದೆ. ನಾನೂ ನಾಳೆನೇ ಬರ್ತೀನಿ ಅಂದ್ರು."

ಅಕ್ಟೋಬರ್ 2, ಗುರುವಾರ, ಬೆಳಿಗ್ಗೆ

ಪ್ರದ್ಯುಮ್ನರಿಂದ ಒಂದೇ ಸಾಲು. "ಇದು ನಿಮ್ಮ ಐಡಿಯಾನಾ?"

ಉತ್ತರ ಕೊಡಲಿಲ್ಲ. ಕೈ ಮುಗಿದ ಚಿತ್ರವನ್ನೂ ಕಳಿಸಲಿಲ್ಲ.

ಅಕ್ಟೋಬರ್ 2, ಸಂಜೆ

ಅಡುಗೆಮನೆಯಲ್ಲಿದ್ದೇನೆ. ಕೋಸಂಬರಿಗೆ ಕಾಯಿ ತುರಿಯುತ್ತಿದ್ದೆ, ತುರಿಮಣೆ ಬಿಟ್ಟು ಬರೆಯುತ್ತಿದ್ದೇನೆ.

ಪ್ರದ್ಯುಮ್ನ ಅವರೇ ಮೊದಲು ಬಂದರು, ಬಿಸಿಲು ಇಳಿಯುವ ಮುಂಚೆ. ಬೆನ್ನಿಗೆ ಸಣ್ಣ ಬ್ಯಾಗು. ಅದರೊಳಗೆ ಏನಿದೆ ಅಂತ ನನಗೆ ಗೊತ್ತು. ಅಪ್ಪ ಓಡಾಡಿ ಕುರ್ಚಿ ಹಾಕಿದ.

"ಅಜ್ಜಿ, ಆ ಗೊಂಬೆ ಒಂದನ್ನ ಐದು ನಿಮಿಷ ಕೊಡಿ. ಧೂಳು ಒರೆಸಿ ಹಾಗೇ ಇಟ್ಬಿಡ್ತೀನಿ. ಗೌತಮಿಯವರು ಬರೋದ್ರೊಳಗೆ."

"ರಾಜ ರಾಣಿ ಮಲಗೋ ಮುಂಚೆ ಎತ್ತಂಗಿಲ್ಲ ಅಂತ ಅವತ್ತೇ ಹೇಳಿದ್ನಲ್ಲ ಸಾ."

"ಒಂದೇ ಒಂದು, ಅಜ್ಜಿ. ಅದು ದೇವರ ಗೊಂಬೆ ಏನಲ್ಲವಲ್ಲ."

"ನಮ್ ಮೆಟ್ಲು ಹತ್ತಿದ್ಮ್ಯಾಲೆ ಎಲ್ಲಾ ಒಂದೇಯಾ. ನರಿಯಾದ್ರೇನು, ರಾಜ ಆದ್ರೇನು. ಕೂತ್ಕಳಿ, ಚಕ್ಲಿ ತಿನ್ನಿ."

ಅಪ್ಪನಿಗೂ ಹೇಳಿ ನೋಡಿದರು. ಅಪ್ಪ ತಲೆ ಕೆರೆದುಕೊಂಡ. "ನಮ್ಮವ್ವನ ಮುಂದೆ ನಂದೂ ನಡಿಯಲ್ಲ ಸಾ. ಇನ್ನೊಂದ್ ಗಂಟೆ ತಾನೆ."

ಆಮೇಲೆ ಪ್ರದ್ಯುಮ್ನ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ನೀರು ಕೇಳುವವರ ಹಾಗೆ. "ಮಲಗಿಸಿದ ತಕ್ಷಣ ಎತ್ತಿ ನನ್ನ ಕೈಗೆ ಕೊಡಬೇಕು. ಬಟ್ಟೆಯಲ್ಲಿ ಸುತ್ತಿ. ಬೇರೆ ಯಾರ ಕೈಗೂ ಅಲ್ಲ. ಅರ್ಥ ಆಯ್ತಾ?"

ನೀರು ಕೊಟ್ಟೆ. ಅವರು ಕುಡಿದು, ಲೋಟ ವಾಪಸ್ ಕೊಟ್ಟು ನಕ್ಕರು.

ಈಗ ಗೌತಮಿ ಮೇಡಂ ಬಂದಿದ್ದಾರೆ. ನಾನೇ ಕುಚ್ಚು ಹಾಕಿಕೊಟ್ಟ ಸೀರೆ ಉಟ್ಟಿದ್ದಾರೆ. ತೊಡೆಯ ಮೇಲೆ ಹೊಸ ಪೆಟ್ಟಿಗೆ, ಒಳಗೆ ಹತ್ತಿ ಹಾಸಿಕೊಂಡು ತಂದಿದ್ದಾರೆ, ಮಗುವಿಗೆ ಹಾಸಿದ ಹಾಗೆ. ಚಾಪೆಯ ಮೇಲೆ ಕೂತಿದ್ದಾರೆ, ಕೆಳಗಿನ ಮೆಟ್ಟಿಲಿಗೆ ಎದುರಾಗಿ. ಅಕ್ಕಪಕ್ಕದ ಮನೆಯವರೂ ಕೂತಿದ್ದಾರೆ. ಪ್ರದ್ಯುಮ್ನ ಕುರ್ಚಿಯಲ್ಲಿ. ಅಪ್ಪ ಬಾಗಿಲ ಹತ್ತಿರ, ಹೊಸ ಪಂಚೆಯಲ್ಲಿ.

ಆರತಿ ಹಾಡು ಮುಗಿಯಿತು. ಅಜ್ಜಿ ಕರೆಯುತ್ತಿದ್ದಾಳೆ. "ರಂಜಿತಾ, ಬಾರವ್ವ, ಮಲಗ್ಸು."

ಹೋಗುತ್ತೇನೆ. ಇದಕ್ಕೆ ದನಿ ಬೇಡ. ಕೈ ಸಾಕು.

ಅದೇ ಸಂಜೆ, ಸ್ವಲ್ಪ ಹೊತ್ತಿನ ಮೇಲೆ

ಮಲಗಿಸಿದೆ.

ಮೊದಲು ರಾಜನನ್ನು, ಆಮೇಲೆ ರಾಣಿಯನ್ನು. ಆಮೇಲೆ ಕೆಳಗೆ ಕೂತು ನರಿಮುಖಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಹಗುರ. ಸಂತೆಯಲ್ಲಿ ಎತ್ತಿದಾಗ ಎಷ್ಟಿತ್ತೋ ಅಷ್ಟೇ. ಪ್ರದ್ಯುಮ್ನ ಕುರ್ಚಿಯಿಂದ ಅರ್ಧ ಎದ್ದು ಕೈ ಮುಂದೆ ಮಾಡಿದರು. ನಾನು ಆ ಕಡೆ ನೋಡಲಿಲ್ಲ. ತಲೆ ಗೋಡೆಯ ಕಡೆಗೆ, ಕಾಲು ಚಾಪೆಯ ಕಡೆಗೆ ಮಾಡಿ ಮಲಗಿಸಿದೆ. ಆರತಿ ದೀಪ ಅಲ್ಲೇ ಇತ್ತು. ಸ್ವಲ್ಪ ಹತ್ತಿರ ಸರಿಸಿದೆ. ಎರಡು ಪಾದವೂ ಬೆಳಕಿಗೆ ಬಂದವು. ನುಣ್ಣಗೆ. ಖಾಲಿ.

ಎದ್ದು ಒಳಗೆ ಬಂದೆ. ಓಡಲಿಲ್ಲ, ನಡೆದೇ ಬಂದೆ.

ಹೊರಗೆ ಮೇಡಂ ದನಿ, ಮೆಲ್ಲಗೆ. "ಇದರಲ್ಲಿ… ಮುದ್ರೆ ಎಲ್ಲಿ?"

"ಬೆಳಕು ಸಾಲದು. ಕೊಡಿ, ನಾನು ನೋಡ್ತೀನಿ" — ಪ್ರದ್ಯುಮ್ನ.

"ಬೇಡ. ನನಗೆ ಕಾಣ್ತಿದೆ."

"ಏನಾಯ್ತು? ಏನ್ ಮಗ?" ಅಪ್ಪ. ಅಪ್ಪನ ದನಿಯಲ್ಲಿ ನಗು ಇನ್ನೂ ಪೂರ್ತಿ ಹೋಗಿಲ್ಲ. ಈಗ ಹೋಗುತ್ತದೆ. ಗೊತ್ತು. ಇವತ್ತು, ನಾಳೆ ಊಟ ಸೇರುವುದಿಲ್ಲ. ನಾಳಿದ್ದು ಸೇರಬಹುದು.

ಬ್ಯಾಗಿನ ಜಿಪ್ಪು ಎಳೆದ ಸದ್ದು. ಪ್ರದ್ಯುಮ್ನ ಏನೋ ಹೇಳುತ್ತಿದ್ದಾರೆ, ಬೇಗ ಬೇಗ, "ಆ ಹುಡುಗೀನೇ ಕಂಪನೀದು ಅಂತ" — ಅಷ್ಟು ಕೇಳಿತು.

ಬಳೆ ಸದ್ದು. ಮೇಡಂ ಎದ್ದರು. ಈ ಕಡೆಗೇ ಬರುತ್ತಿದ್ದಾರೆ. ಹಿಂದೆ ಅಪ್ಪನ ಹೆಜ್ಜೆಯೂ. ಬಾಗಿಲಿಗೆ ಬಂದು ಕೇಳುತ್ತಾರೆ. ಈ ಸಲ ಕೈ ಮುಗಿಯುವುದಿಲ್ಲ. ಮೊದಲ ಮಾತು ಯಾವುದು ಅಂತ ಬರೆದಿಟ್ಟುಕೊಂಡರೆ ಬರಬಹುದು. ಮೇಡಂ, ಅದು ಸಂತೆಯಲ್ಲಿ ನಾನು